ನಮ್ಮ ಹೆಸರಿನಲ್ಲಿ ಕಂಬ ಇಳಿಸಬೇಡಿ

ಕಳೆದ ತಿಂಗಳ ನಮ್ಮ ಬಳಗದ ಕೂಟದಲ್ಲಿ ಪುಸ್ತಕದ ಚರ್ಚೆ ಮುಗಿದು, ಉಪ್ಪಿಟ್ಟು ಚಹಾಗಳ ಹೊತ್ತಿಗೆ ಮಾತು ರೇಡಿಯೊದ ಕಡೆ ಹೊರಳಿತು. ದೇಶದಲ್ಲಿ ಮೀಡಿಯಂ ವೇವ್ ಪ್ರಸಾರಗಳು ಒಂದೊಂದಾಗಿ ನಿಲ್ಲುತ್ತಿವೆಯೆಂದು ಹಿರಿಯರೊಬ್ಬರು ವಿಷಾದಿಸಿದರು. ಎದುರು ಕುಳಿತಿದ್ದ ಸ್ನೇಹಿತರು ಕಿಸೆಯಿಂದ ಫೋನು ತೆಗೆದು, ಪಟ್ಟಿಯಲ್ಲಿ ಧಾರವಾಡವನ್ನು ಒತ್ತಿ, ಹಾಡು ಕೇಳಿಸಿ ಹೇಳಿದರು: "ಇದರಲ್ಲಿ ಎಲ್ಲ ಬರುತ್ತದಲ್ಲ ಸರ್, ಇನ್ನು ಆ ಕಂಬ ಯಾಕೆ ಬೇಕು?" ಸುತ್ತಲಿದ್ದವರು ತಲೆಯಾಡಿಸಿದರು. ನಾವೂ ಆಡಿಸಿದೆವು. ಆ ತಲೆಯಾಡಿಕೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿಯೇ ಈ ಬರಹ.

ಮೊದಲು ಸ್ನೇಹಿತರ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಬಿಡೋಣ. ಅಂತರ್ಜಾಲದ ಪ್ರಸಾರದಿಂದ ಯಾರಿಗಾದರೂ ನಿಜವಾದ ಲಾಭವಾಗಿದ್ದರೆ ಅದು ಹೊರನಾಡ ಕನ್ನಡಿಗರಿಗೆ. ಇಪ್ಪತ್ತು ವರ್ಷಗಳ ಹಿಂದೆ, ಮೊದಲ ನೇಮಕಾತಿಯ ಮೇಲೆ ಪುಣೆಯ ಬಾಡಿಗೆ ಕೋಣೆಯಲ್ಲಿದ್ದಾಗ, ರಾತ್ರಿ ಒಂಬತ್ತರ ನಂತರ ಟ್ರಾನ್ಸಿಸ್ಟರನ್ನು ಕಿಟಕಿಯ ಸರಳಿಗೆ ಒರಗಿಸಿ, ಅತ್ತಿತ್ತ ತಿರುಗಿಸಿ, ಕನ್ನಡದ ಒಂದು ದನಿ ಸಿಕ್ಕಿತೆಂದರೆ ಅಂದಿನ ಊಟ ರುಚಿಸುತ್ತಿತ್ತು. ಮೀಡಿಯಂ ವೇವ್‌ನ ಗುಣವೇ ಅದು. ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುವ ಅಲೆ, ಇರುಳಾದೊಡನೆ ಅಯಾನುಗೋಳಕ್ಕೆ ತಾಗಿ ಮರಳಿ ನೂರಾರು ಮೈಲಿ ದೂರದಲ್ಲಿ ಇಳಿಯುತ್ತದೆ. ಹಗಲು ನಮ್ಮದಲ್ಲದ ನಿಲಯ ರಾತ್ರಿ ನಮ್ಮದಾಗುತ್ತಿತ್ತು. ಆದರೆ ಮೋಡ ಕವಿದರೂ, ಪಕ್ಕದ ಮನೆಯವರು ಮಿಕ್ಸಿ ಹಾಕಿದರೂ ಗೊರಗೊರ ಸದ್ದು. ಇಂದು ದೆಹಲಿಯ ಸರ್ಕಾರಿ ವಸತಿಗೃಹದ ಅಡುಗೆಮನೆಯಲ್ಲಿ ಮುಂಜಾನೆ ಆರಕ್ಕೆ ಮೈಸೂರು, ಕಲಬುರಗಿ, ಮಂಗಳೂರು ಯಾವುದು ಬೇಕಾದರೂ ತೊಳೆದ ಗಾಜಿನಷ್ಟು ನಿಚ್ಚಳವಾಗಿ ಕೇಳುತ್ತದೆ. ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಆಕಾಶವಾಣಿಯ 200ಕ್ಕೂ ಹೆಚ್ಚು ವಾಹಿನಿಗಳಿವೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡದ ಸಂಖ್ಯೆಗಳನ್ನು ಕಲಿತದ್ದು ಆ ಹವಾಮಾನ ವರದಿಗಳಿಂದ. ಇದನ್ನು ಉಪಕಾರವೆಂದೇ ನೆನೆಯುತ್ತೇವೆ.

ಆದ್ದರಿಂದ ನಮ್ಮ ಜಗಳ ಆ್ಯಪ್‌ನೊಂದಿಗಲ್ಲ, "ಇನ್ನು ಆ ಕಂಬ ಯಾಕೆ" ಎಂಬ ಮುಂದಿನ ಮಾತಿನೊಂದಿಗೆ. ಆ ಮಾತನ್ನು ಆಡುವವರು ನಾವಾದ್ದರಿಂದ, ಜಗಳ ನಮ್ಮೊಂದಿಗೇ.

ಎರಡು ವರ್ಷಗಳ ಹಿಂದೆ ಎಲ್.ಟಿ.ಸಿ. ಪಡೆದು ಊರಿಗೆ ಹೋಗಿದ್ದೆವು. ಅವ್ವನ ಅಡುಗೆಮನೆಯ ಮಾಡದಲ್ಲಿ ಒಂದು ಹಳೆಯ ಟ್ರಾನ್ಸಿಸ್ಟರ್ ಇದೆ. ಅದರ ಗಾಜಿನ ಮೇಲೆ, ಮುಳ್ಳು ನಿಲ್ಲಬೇಕಾದ ಜಾಗದಲ್ಲಿ, ಕುಂಕುಮದ ಒಂದು ಬೊಟ್ಟು. ಅಕ್ಷರ ಬಾರದ ಅವ್ವನಿಗೆ ಕಿಲೋಹರ್ಟ್ಸ್ ಗೊತ್ತಿಲ್ಲ, ಬೊಟ್ಟು ಗೊತ್ತು. ದಶಕಗಳ ಕಾಲ ಆಕೆಯ ಮುಂಜಾವು ಆ ಬೊಟ್ಟಿನಿಂದಲೇ ಆರಂಭವಾಗಿತ್ತು. ನಾವು ಹೋದಾಗ ಅಲ್ಲಿ ಬರಿಯ ಸುಯ್ಯೆಂಬ ಸದ್ದು. ಆ ನಿಲಯ ಮೀಡಿಯಂ ವೇವ್ ಬಿಟ್ಟು ಎಫ್.ಎಂ.ಗೆ ಹೋಗಿತ್ತು, ಎಫ್.ಎಂ. ಅಲೆಗೆ ನಮ್ಮೂರು ದೂರವಾಗಿತ್ತು. ಯಾವ ನಿಲಯವೆಂಬುದು ಇಲ್ಲಿ ಮುಖ್ಯವಲ್ಲ. ಇದು ಒಂದೇ ಊರಿನ ಕಥೆಯೂ ಅಲ್ಲ. ಬ್ಯಾಟರಿ ಮುಗಿದಿದೆಯೆಂದು ತಿಳಿದು ಅವ್ವ ಮೂರು ಸಲ ಸೆಲ್ಲು ಬದಲಿಸಿದ್ದಳು.

ನಾವು ವಿದ್ಯಾವಂತರಲ್ಲವೇ? ತಮ್ಮನ ಫೋನಿಗೆ ಆ್ಯಪ್ ಹಾಕಿಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ, ಸಮಸ್ಯೆ ಬಗೆಹರಿಸಿದ ಸಮಾಧಾನದಿಂದ ದೆಹಲಿಗೆ ಮರಳಿದೆವು. ತಿಂಗಳ ನಂತರ ಕೇಳಿದಾಗ ಅವ್ವ ಹೇಳಿದ್ದು ಇಷ್ಟು: "ಫೋನ್ ಹುಡುಗ ಹೊಲಕ್ಕ ಒಯ್ತಾನ. ರೇಡಿಯೊ ಯಾರೂ ಒಯ್ತಿರಲಿಲ್ಲ."

ಈ ಒಂದು ಮಾತು ನಮ್ಮ ಎಂ.ಎ. ಪದವಿಯ ಕಾಲದಲ್ಲಿ ಓದಿದ ಮಾಧ್ಯಮ ಮೀಮಾಂಸೆಗಿಂತ ಹೆಚ್ಚನ್ನು ಹೇಳುತ್ತದೆ. ಆನ್‌ಲೈನ್ ಪ್ರಸಾರದ ಬಗ್ಗೆ ಡೇಟಾ ಖರ್ಚಿನ ಆಕ್ಷೇಪವನ್ನು ಕೆಲವರು ಎತ್ತುತ್ತಾರೆ. ಅದು ದುರ್ಬಲ ವಾದ. ಸಾಧಾರಣ ಗುಣಮಟ್ಟದ ಪ್ರಸಾರ ಗಂಟೆಗೆ 30 ಎಂ.ಬಿ. ಆಸುಪಾಸು ತಿನ್ನುತ್ತದೆ, ಇಂದಿನ ದಿನದ ಪ್ಯಾಕಿನಲ್ಲಿ ಅದೇನೂ ದೊಡ್ಡದಲ್ಲ. ತೊಂದರೆ ಇರುವುದು ಬೇರೆ ಕಡೆ. ಫೋನು ಮನೆಯ ಯಜಮಾನನ ವಸ್ತು. ಅವನು ಎಲ್ಲಿಗೆ ಹೋಗುತ್ತಾನೋ ಅಲ್ಲಿಗೆ ಅದು ಹೋಗುತ್ತದೆ. ರೇಡಿಯೊ ಮನೆಯ ವಸ್ತು. ಅದು ಅಡುಗೆಮನೆಯಲ್ಲಿ, ಅಂಗಡಿಯ ಹಲಗೆಯ ಮೇಲೆ, ನೇಕಾರರ ಮಗ್ಗದ ಪಕ್ಕದಲ್ಲಿ, ಕೈಗಳು ಕೆಲಸದಲ್ಲಿರುವಾಗ ಕಿವಿಗೆ ಜೊತೆಯಾಗಿ ಕೂರುತ್ತದೆ. ಎರಡು ಸೆಲ್ಲು ಹಾಕಿದರೆ ತಿಂಗಳುಗಟ್ಟಲೆ ಕೇಳಿದ್ದನ್ನು ಹೇಳುತ್ತದೆ. ಇಪ್ಪತ್ತೆಂಟು ದಿನಕ್ಕೊಮ್ಮೆ ರೀಚಾರ್ಜ್ ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ, ನೀವು ಯಾರು, ಎಲ್ಲಿದ್ದೀರಿ ಎಂದೂ ಕೇಳುವುದಿಲ್ಲ.

ಹೆಸರು ಉಳಿದಿದೆಯಲ್ಲ, ನಿಲಯ ಎಲ್ಲಿ ಹೋಯಿತು ಎನ್ನುವವರಿದ್ದಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಬ್ರ್ಯಾಂಡ್ ಉಳಿದಿದೆ. ವೇದಿಕೆ ಮಾತ್ರ ಬದಲಾಗಿದೆ. ಹೆಸರು ಊರು ಬಿಟ್ಟುಹೋದರೆ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ಬೇರೆಯವರು ಕಲಿಸಬೇಕಿಲ್ಲ. 'ಆಕಾಶವಾಣಿ' ಎಂಬ ಹೆಸರೇ ನಮ್ಮದು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಆರಂಭಿಸಿದ ಖಾಸಗಿ ನಿಲಯದ ಹೆಸರು ಅದು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೊದ ಹೆಸರಾಯಿತು; 2023ರ ಮೇ ತಿಂಗಳಲ್ಲಂತೂ 'ಆಲ್ ಇಂಡಿಯಾ ರೇಡಿಯೊ' ಎಂಬುದನ್ನು ಬಿಟ್ಟು ಎಲ್ಲೆಡೆ ಅದನ್ನೇ ಬಳಸಬೇಕೆಂಬ ಸೂಚನೆಯೂ ಬಂತು. ಹೆಸರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಗೆಲುವು ಯಾವ ಸ್ಥಳೀಯ ನಿಲಯಕ್ಕೆ ಸಿಕ್ಕೀತು? ಆದರೆ ನಿಲಯದ ಕಥೆಯೇನು? 1955ರ ನವೆಂಬರ್‌ನಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯ ದೊರೆತದ್ದು 1974ರಲ್ಲಿ. ದೇಶಕ್ಕೆ ಹೆಸರು ಕೊಟ್ಟ ಊರು ಸುಮಾರು ಹತ್ತೊಂಬತ್ತು ವರ್ಷ ತನ್ನ ದನಿಗಾಗಿ ಕಾಯಬೇಕಾಯಿತು. ಹೆಸರು ಬಾಗಿಲ ಮೇಲಿನ ಫಲಕ; ತರಂಗಾಂತರ ಮನೆಯ ವಿಳಾಸ. ಫಲಕವನ್ನು ಎಲ್ಲಿ ಬೇಕಾದರೂ ನೇತುಹಾಕಬಹುದು. ಕಾಗದ ಬಂದು ತಲುಪುವುದು ವಿಳಾಸಕ್ಕೆ.

ವಿಳಾಸ ಬಿಟ್ಟು ಹೆಸರನ್ನಷ್ಟೇ ಹಿಡಿದುಕೊಂಡು ಅಂತರ್ಜಾಲಕ್ಕೆ ಹೋದ ನಿಲಯಗಳ ಚರಿತ್ರೆಯೂ ನಮ್ಮ ಮುಂದಿದೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಆಕ್ಸ್‌ಫರ್ಡ್ ಎಂಬ ಸಣ್ಣ ವಿದ್ಯಾಪೀಠದ ಊರಿದೆ. ಅಲ್ಲಿ 97.7ರಲ್ಲಿ ಕೇಳುತ್ತಿದ್ದ 'ಡಬ್ಲ್ಯೂ.ಒ.ಎಕ್ಸ್.ವೈ.' ಎಂಬ ನಿಲಯ 1983ರಿಂದ ಹೊಸ ಬಗೆಯ ರಾಕ್ ಸಂಗೀತಕ್ಕೆ ಹೆಸರಾಗಿತ್ತು. 2004ರಲ್ಲಿ ಅದರ ತರಂಗಾಂತರ ಬೇರೆಯವರಿಗೆ ಮಾರಾಟವಾಯಿತು. ಮಾಲೀಕರು ಹೆಸರನ್ನು, ಸಿಬ್ಬಂದಿಯನ್ನು, ಸಂಗೀತವನ್ನು ಉಳಿಸಿಕೊಂಡು ಅಂತರ್ಜಾಲಕ್ಕೆ ನಡೆದರು. ಊರಿನ ಎಲ್ಲೆ ಕಳಚಿತು, ಇನ್ನು ಜಗತ್ತೇ ಕೇಳುಗರೆಂದು ಅಭಿಮಾನಿಗಳು ಹಿಗ್ಗಿದರು. ಜಗತ್ತು ಕೇಳಿತು ಕೂಡ. ಆದರೆ 2006ರಲ್ಲಿ ಹಣ ಸಾಲದೆ ಒಮ್ಮೆ ನಿಂತಿತು. ಬೇರೊಂದು ಕಂಪನಿಯ ಆಸರೆಯಲ್ಲಿ ಮತ್ತೆ ಎದ್ದಿತು. 2009ರಲ್ಲಿ ಮತ್ತೊಬ್ಬ ಒಡೆಯರ ಕೈಗೆ ಹೋಗಿ ಟೆಕ್ಸಾಸಿನ ಆಸ್ಟಿನ್ ನಗರಕ್ಕೆ ಗುಳೆ ಹೊರಟಿತು. 2010ರ ಮಾರ್ಚಿನಲ್ಲಿ ಸದ್ದಿಲ್ಲದೆ ಮುಗಿಯಿತು. ಊರಿನಲ್ಲಿದ್ದಾಗ ಇಪ್ಪತ್ತು ವರ್ಷ ಬಾಳಿದ್ದು ಜಗತ್ತಿನದಾದ ಮೇಲೆ ಆರು ವರ್ಷವೂ ಬಾಳಲಿಲ್ಲ.

ಅಷ್ಟು ದೂರ ಹೋಗುವುದೇ ಬೇಡವೆಂದರೆ ವರ್ಲ್ಡ್‌ಸ್ಪೇಸ್ ನೆನಪಿಸಿಕೊಳ್ಳಿ. ಉಪಗ್ರಹದಿಂದ ಇಳಿಯುತ್ತಿದ್ದ ಆ ರೇಡಿಯೊದಲ್ಲಿ 'ಸ್ಪರ್ಶ' ಎಂಬ ಕನ್ನಡ ವಾಹಿನಿಯಿತ್ತು. ಮುಂಬಯಿ, ಚೆನ್ನೈಗಳ ಕನ್ನಡ ಮನೆಗಳಲ್ಲಿ ವಿಶೇಷ ಪೆಟ್ಟಿಗೆ ಕೊಂಡು, ಚಂದಾ ಕಟ್ಟಿ, ಬಾಲ್ಕನಿಯಲ್ಲಿ ಆಂಟೆನಾ ನಿಲ್ಲಿಸಿದವರು ನಮ್ಮ ಓದುಗರಲ್ಲೇ ಇದ್ದೀರಿ. 2008ರಲ್ಲಿ ಅಮೆರಿಕದ ಮೂಲ ಕಂಪನಿ ದಿವಾಳಿಯ ಅರ್ಜಿ ಹಾಕಿತು. 2009ರ ಡಿಸೆಂಬರ್ 31ರಂದು ಭಾರತದ ಸೇವೆ ನಿಂತಿತು. ಹೊಸ ವರ್ಷದ ಬೆಳಿಗ್ಗೆ ಪೆಟ್ಟಿಗೆ ಮೂಕವಾಗಿತ್ತು. ದೂರದ ಒಡೆಯನ ಕೈಯಲ್ಲಿರುವ ಗುಂಡಿ ಎಂದರೆ ಹೀಗೆ. ಇಂದು ನಮ್ಮ ಫೋನಿನೊಳಗಿನ ಕನ್ನಡ ರೇಡಿಯೊ ಕೂಡ ಸರ್ವರ್, ಆ್ಯಪ್ ಸ್ಟೋರ್, ದೂರಸಂಪರ್ಕ ಕಂಪನಿ, ಫೋನ್ ತಯಾರಕ ಎಂಬ ನಾಲ್ಕು ಬಾಗಿಲುಗಳ ಹಿಂದೆ ಕೂತಿದೆ. ಯಾವುದೊಂದು ಮುಚ್ಚಿದರೂ ದನಿ ನಿಂತಂತೆಯೇ.

ಇನ್ನು ನಾವು ಸುಮ್ಮನಿರಲಾಗದ ಮುಖ್ಯ ವಿಷಯಕ್ಕೆ ಬರೋಣ. ಅದು ಎಣಿಕೆಯ ವಿಷಯ.

ಫೋನಿನಲ್ಲಿ ಕೇಳುವವರು ಲೆಕ್ಕಕ್ಕೆ ಸಿಗುತ್ತಾರೆ. ಯಾರು ಯಾವ ನಗರದಲ್ಲಿ ಎಷ್ಟು ನಿಮಿಷ ಕೇಳಿದರೆಂಬುದು ಸರ್ವರಿನಲ್ಲಿ ತಾನಾಗಿ ದಾಖಲಾಗುತ್ತದೆ. ದೆಹಲಿಯ ಅಡುಗೆಮನೆಯಲ್ಲಿ ನಾವು ಒತ್ತಿದ್ದು ಒಂದು ಅಂಕಿ. ಅವ್ವ ಬೊಟ್ಟಿಗೆ ಮುಳ್ಳು ತಂದು ನಿಲ್ಲಿಸಿದ್ದು ಎಲ್ಲಿಯೂ ದಾಖಲಾಗಿಲ್ಲ. ಟ್ರಾನ್ಸ್‌ಮಿಟರ್ ಒಬ್ಬನಿಗೆ ಕೇಳಿಸಲು ವ್ಯಯಿಸುವ ವಿದ್ಯುತ್ತನ್ನೇ ಲಕ್ಷ ಜನರಿಗೆ ಕೇಳಿಸಲೂ ವ್ಯಯಿಸುತ್ತದೆ. ಹಾಗಾಗಿಯೇ ಅದಕ್ಕೆ ಎಷ್ಟು ಜನ ಕೇಳುತ್ತಿದ್ದಾರೆಂಬುದು ಗೊತ್ತಾಗುವುದಿಲ್ಲ. ಆ ಗುಣವೇ ಈಗ ಅದರ ಅಪರಾಧವಾಗಿದೆ. ನಮ್ಮಲ್ಲಿ ಬಹಳ ಜನ ಕಚೇರಿಗಳಲ್ಲಿ ಕಡತಗಳ ನಡುವೆ ಆಯಸ್ಸು ಕಳೆದವರು. ಯಾವುದೇ ವ್ಯವಸ್ಥೆಯ ಮೇಲೆ ಕೊನೆಯ ಗೆರೆ ಎಳೆಯುವ ಟಿಪ್ಪಣಿ ಹೇಗಿರುತ್ತದೆಂದು ನಮಗೆ ಗೊತ್ತು: 'ಬಳಕೆದಾರರ ಸಂಖ್ಯೆ ಗಣನೀಯವಾಗಿಲ್ಲ, ಪರ್ಯಾಯ ವ್ಯವಸ್ಥೆ ಲಭ್ಯವಿದೆ.' ಈ ವಾಕ್ಯದಲ್ಲಿ ದುರುದ್ದೇಶವಿರುವುದಿಲ್ಲ. ಎಣಿಸಲಾಗದವರು ಅದರೊಳಗೆ ಹಿಡಿಸುವುದಿಲ್ಲ, ಅಷ್ಟೇ. ಸಾರ್ವಜನಿಕ ನಿಲಯವಿರಲಿ, ಖಾಸಗಿ ನಿಲಯವಿರಲಿ, ಈ ತರ್ಕ ಒಂದೇ. ಆ ಟಿಪ್ಪಣಿಯ 'ಪರ್ಯಾಯ ವ್ಯವಸ್ಥೆ'ಗೆ ಸಾಕ್ಷಿಯಾಗಿ ನಿಲ್ಲುವ ಅಂಕಿ ನಮ್ಮದು. ನೂರಾರು ಮೈಲಿ ದೂರ ಕೂತು, ಮತದಾರರ ಪಟ್ಟಿಯಲ್ಲಿಲ್ಲದ ಊರಿನಲ್ಲಿ ನಾವು ದಿನವೂ ಮತ ಹಾಕುತ್ತಿದ್ದೇವೆ.

ಅಂಕಿಯ ಹಿಂದೆಯೇ ಕಾರ್ಯಕ್ರಮವೂ ನಡೆಯುತ್ತದೆ. ಊರಿನವರಿಗೆ ರೇಡಿಯೊದಿಂದ ಬೇಕಾದದ್ದು ಅಣೆಕಟ್ಟಿನಿಂದ ಇಂದು ನೀರು ಬಿಡುತ್ತಾರೆಯೇ, ಎ.ಪಿ.ಎಂ.ಸಿ.ಯಲ್ಲಿ ಒಣಮೆಣಸಿನಕಾಯಿಗೆ ದರವೆಷ್ಟು, ತೊಗರಿಗೆ ಯಾವ ಕೀಟ ಬಿದ್ದಿದೆ, ನಾಳೆ ಮಳೆಯುಂಟೇ ಎಂಬುದು. ನಮಗೆ ಬೇಕಾದದ್ದು ನೆನಪು. ನಮ್ಮ ಕೋರಿಕೆಗಳನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳೋಣ. ಎಪ್ಪತ್ತರ ದಶಕದ ಚಿತ್ರಗೀತೆ, ದಾಸರ ಪದ, ನಾಟಕದ ಹಳೆಯ ಧ್ವನಿಮುದ್ರಣ. ಕೃಷಿರಂಗ ಬಂದಾಗ ನಮ್ಮಲ್ಲಿ ಎಷ್ಟು ಜನ ಬೇರೆ ವಾಹಿನಿಗೆ ಜಾರುವುದಿಲ್ಲ? ಕ್ಲಿಕ್ಕುಗಳ ಲೆಕ್ಕದಲ್ಲಿ ಕಾರ್ಯಕ್ರಮ ಕಟ್ಟುವ ದಿನ ಬಂದರೆ ಮೊದಲು ಬೀಳುವುದು ಕೃಷಿರಂಗ. ಬೆಳೆಯುವುದು ನೆನಪಿನ ಹಾಡುಗಳು. ಆಗ ಊರಿನ ನಿಲಯ ಊರು ಬಿಟ್ಟವರ ಹಳಹಳಿಕೆಯ ಪೆಟ್ಟಿಗೆಯಾಗುತ್ತದೆ.

ಹಾಗಾದ ದಿನ ನಮಗೂ ನಷ್ಟವೇ. ಇಷ್ಟು ದೂರದಿಂದ ನಾವು ಆ ನಿಲಯಗಳನ್ನು ಕೇಳುವುದೇಕೆ? ಹಾಡಿಗಾಗಿಯಾದರೆ ಹಾಡು ಎಲ್ಲೆಲ್ಲೂ ಇದೆ. ನಮಗೆ ಹಿತವೆನಿಸುವುದು, ಆ ಉದ್ಘೋಷಕಿ ನಮ್ಮೊಂದಿಗಲ್ಲದೆ ಅಲ್ಲಿಯವರೊಂದಿಗೆ ಮಾತಾಡುತ್ತಿದ್ದಾಳೆ ಎಂಬುದು. ಪಕ್ಕದ ಕೋಣೆಯಲ್ಲಿ ಮನೆಯವರು ಮಾತಾಡಿಕೊಳ್ಳುವುದನ್ನು ಕಣ್ಣು ಮುಚ್ಚಿ ಮಲಗಿ ಕೇಳುವ ಸುಖ ಅದು. ಮನೆಯವರೇ ಕೋಣೆ ಬಿಟ್ಟುಹೋದ ಮೇಲೆ ನಾವು ಕೇಳುವುದಾದರೂ ಏನನ್ನು?

ತಂತ್ರಜ್ಞಾನದ ದೃಷ್ಟಿಯಿಂದಲೂ ಈ ದಾರಿ ಒಮ್ಮುಖವೆಂದು ನಂಬಬೇಕಾಗಿಲ್ಲ. ಬಿ.ಬಿ.ಸಿ. ತನ್ನ ಹಿಂದಿ ಸೇವೆಯ ಶಾರ್ಟ್‌ವೇವ್ ಪ್ರಸಾರವನ್ನು 2020ರ ಜನವರಿ 31ರಂದು ನಿಲ್ಲಿಸಿತು; ಕೇಳುಗರು ಡಿಜಿಟಲ್‌ಗೆ ಬಂದಿದ್ದಾರೆಂಬುದು ಅಂದಿನ ಧಾಟಿ. ಎರಡೇ ವರ್ಷಗಳಲ್ಲಿ, 2022ರ ಮಾರ್ಚಿನಲ್ಲಿ, ಯುಕ್ರೇನಿನ ಮೇಲೆ ಬಾಂಬು ಬೀಳತೊಡಗಿದಾಗ, ಅದೇ ಬಿ.ಬಿ.ಸಿ. ಆ ಪ್ರದೇಶಕ್ಕೆ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಪ್ರಸಾರವನ್ನು ಮತ್ತೆ ಆರಂಭಿಸಿತು. 2023ರ ಜನವರಿಯಲ್ಲಿ ಅರಬ್ಬಿ ರೇಡಿಯೊ ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಸುಡಾನಿನ ಯುದ್ಧಕಾಲದ ಕೇಳುಗರಿಗಾಗಿ ತುರ್ತು ಪ್ರಸಾರ ತೆರೆಯಬೇಕಾಯಿತು. ಸ್ವಿಟ್ಜರ್ಲೆಂಡಿನಂಥ ಶ್ರೀಮಂತ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯೂ 2024ರ ಕೊನೆಗೆ ಎಫ್.ಎಂ. ನಿಲ್ಲಿಸಿ ಕೇಳುಗರನ್ನು ಕಳೆದುಕೊಂಡಿತು. ವಿದ್ಯುತ್ತು, ಮೊಬೈಲ್ ಗೋಪುರ, ಕೇಬಲ್ಲು ಮೂರೂ ಕೈಕೊಟ್ಟ ರಾತ್ರಿ ಕೊಡಗಿನ ಬೆಟ್ಟದಲ್ಲಾಗಲಿ ಕೃಷ್ಣೆಯ ದಂಡೆಯಲ್ಲಾಗಲಿ ಕೇಳಿಸಬಲ್ಲದ್ದು ದೂರದ ಕಂಬವೊಂದರಿಂದ ಬರುವ ಅಲೆ ಮಾತ್ರ. ಇಳಿಸಿದ ಕಂಬವನ್ನು ಅಂಥ ರಾತ್ರಿ ನೆಡಲಾಗುವುದಿಲ್ಲ.

ಖರ್ಚಿನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 200 ಕಿಲೋವಾಟಿನ ಮೀಡಿಯಂ ವೇವ್ ಟ್ರಾನ್ಸ್‌ಮಿಟರಿಗೆ ವಿದ್ಯುತ್ ಬಿಲ್ಲು ಸಣ್ಣದಲ್ಲ; ಹಳೆಯ ಯಂತ್ರಗಳಿಗೆ ಬಿಡಿಭಾಗ ಸಿಗುವುದೂ ಕಷ್ಟ. ಬದಲಾವಣೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಬದಲಾವಣೆಯ ಭಾರವನ್ನೆಲ್ಲ ಕೇಳುಗರ ತಲೆಗೆ ಕಟ್ಟಬೇಡಿ ಎನ್ನುತ್ತಿದ್ದೇವೆ. ಡಿ.ಆರ್.ಎಂ. ಎಂಬ ಡಿಜಿಟಲ್ ಪದ್ಧತಿಯ ಉದಾಹರಣೆ ಇದೆ. ಕಳೆದ ದಶಕದಲ್ಲಿ ದೇಶದ ಮೂವತ್ತಕ್ಕೂ ಹೆಚ್ಚು ಟ್ರಾನ್ಸ್‌ಮಿಟರುಗಳಿಗೆ ಅದನ್ನು ಅಳವಡಿಸಲಾಯಿತು; ಅದನ್ನು ಹಿಡಿಯುವ ಅಗ್ಗದ ರೇಡಿಯೊ ಮಾತ್ರ ಸಂತೆಯ ಅಂಗಡಿಗೆ ಬರಲಿಲ್ಲ. ಕಳಿಸುವ ತುದಿಯಲ್ಲಿ ಕ್ರಾಂತಿಯಾಯಿತು, ಕೇಳುವ ತುದಿಯಲ್ಲಿ ಏನೂ ಆಗಲಿಲ್ಲ. ಮೀಡಿಯಂ ವೇವ್‌ನಿಂದ ಎಫ್.ಎಂ.ಗೆ ಹೋಗುವಾಗಲೂ ಅಷ್ಟೇ. ಎಫ್.ಎಂ. ಹೆಚ್ಚು ಕಡಿಮೆ ಕಣ್ಣಳತೆಯ ದಾರಿಯಲ್ಲಿ ಸಾಗುವ ಅಲೆ. ಒಳ್ಳೆಯ ಗೋಪುರವಿದ್ದರೂ ಅರವತ್ತು ಎಪ್ಪತ್ತು ಕಿಲೋಮೀಟರಿಗೆ ದಣಿಯುತ್ತದೆ. ನಡುವೆ ಗುಡ್ಡ ಬಂದರೆ ಅದೂ ಇಲ್ಲ. ದನಿ ಸ್ಪಷ್ಟವಾಗುತ್ತದೆ, ಊರುಗಳು ಕಡಿಮೆಯಾಗುತ್ತವೆ. ಒಂದು ದೊಡ್ಡ ಕಂಬದ ಬದಲಿಗೆ ಹಲವು ಸಣ್ಣ ಕಂಬಗಳು ನಿಂತ ನಂತರವೇ ದೊಡ್ಡದನ್ನು ಇಳಿಸಬೇಕೆಂಬುದು ಯಾವ ರೈತನಿಗೂ ಅರ್ಥವಾಗುವ ಕ್ರಮ. ಹೊಸ ಬಾವಿಯಲ್ಲಿ ನೀರು ಬೀಳುವ ಮೊದಲು ಹಳೆಯದನ್ನು ಯಾರೂ ಮುಚ್ಚುವುದಿಲ್ಲ.

ಹಾಗೆಯೇ ತರಂಗಾಂತರ ಬದಲಿಸುವವರು, ಅವರು ಯಾರೇ ಆಗಿರಲಿ, ಹಳೆಯ ಜಾಗದಲ್ಲಿ ನಿಂತು ತಿಂಗಳುಗಟ್ಟಲೆ ಹೊಸ ಜಾಗದ ಸುಳಿವು ಹೇಳಬೇಕು. ಜಾಲತಾಣದಲ್ಲಿ ಹಾಕಿದ ಪ್ರಕಟಣೆ ಜಾಲತಾಣ ನೋಡದವರಿಗೆ ಪ್ರಕಟಣೆಯೇ ಅಲ್ಲ. ಅವ್ವ ಮೂರು ಸಲ ಸೆಲ್ಲು ಬದಲಿಸುವಂತಾಗಿದ್ದು ತಂತ್ರಜ್ಞಾನದ ಸೋಲಲ್ಲ, ಸೌಜನ್ಯದ ಸೋಲು.

ಹೊರನಾಡ ಕನ್ನಡಿಗರಾದ ನಾವು ಮಾಡಬಹುದಾದದ್ದೂ ಇದೆ. ಮೊದಲನೆಯದು, "ಎಲ್ಲ ಫೋನಿನಲ್ಲಿ ಬರುತ್ತದೆ" ಎಂಬ ಮಾತನ್ನು ನಾಲಿಗೆಯಿಂದ ಇಳಿಸುವುದು. ಆ ಮಾತು ನಮಗೆ ನಿಜ. ಅಲ್ಲಿರುವವರ ಪರವಾಗಿ ಅದನ್ನು ಆಡುವ ಅಧಿಕಾರ ನಮಗಿಲ್ಲ. ಎರಡನೆಯದು, ನಮ್ಮ ಕನ್ನಡ ಸಂಘಗಳು ನಿಲಯಗಳಿಗೆ ಬರೆಯುವ ಪತ್ರಗಳ ಧಾಟಿಯನ್ನು ಬದಲಿಸುವುದು. ಹಳೆಯ ಹಾಡು ಹಾಕಿ ಎಂದು ಬರೆಯುವ ಕೈ, ಊರಿನವರಿಗೆ ಕೇಳುತ್ತಿದೆಯೇ ಎಂದೂ ಬರೆಯಲಿ. ಮೂರನೆಯದು ತುಂಬ ಸಣ್ಣದು. ಮುಂದಿನ ದಸರೆಗೋ ದೀಪಾವಳಿಗೋ ಊರಿಗೆ ಹೋದಾಗ ಮನೆಯ ಹಳೆಯ ರೇಡಿಯೊ ಹಚ್ಚಿ ನೋಡಿ. ಯಾವ ನಿಲಯ ಎಲ್ಲಿ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಮೊದಲು ಯಾರು ಕೇಳುತ್ತಿದ್ದರು, ಈಗ ಅವರು ಏನು ಮಾಡುತ್ತಾರೆ ಎಂಬುದನ್ನು ಊರಿನ ಹೆಸರಿನೊಂದಿಗೆ ಒಂದು ಹಾಳೆಯಲ್ಲಿ ಬರೆದು ತನ್ನಿ. ನೂರು ಊರುಗಳ ನೂರು ಹಾಳೆಗಳಾದರೆ ಅದೂ ಒಂದು ಎಣಿಕೆಯೇ. ಕಡತ ಅಂಕಿಯನ್ನೇ ಕೇಳುವುದಾದರೆ, ಎಣಿಸದವರ ಅಂಕಿಯನ್ನು ನಾವೇ ಕೊಡೋಣ.

ನಮ್ಮ ಹಾಳೆ ಸಿದ್ಧವಿದೆ. ಕಳೆದ ಬೇಸಿಗೆಯಲ್ಲಿ ಅವ್ವನ ಟ್ರಾನ್ಸಿಸ್ಟರನ್ನು ಮಾಳಿಗೆಯ ಮೇಲೆ ಒಯ್ದು, ಆಂಟೆನಾ ಎಳೆದು, ಒಂದೂವರೆ ಗಂಟೆ ತಿರುಗಿಸಿದೆವು. ಬೇರೊಂದು ಜಿಲ್ಲೆಯ ನಿಲಯ ಸಣ್ಣಗೆ ಸಿಕ್ಕಿತು. ಕೆಳಗೆ ತಂದರೆ ಇಲ್ಲ, ಮಾಳಿಗೆಯ ಮೂಡಣ ಮೂಲೆಯಲ್ಲಿ ಮಾತ್ರ. ಅವ್ವ ಏಣಿಯ ಬುಡದಲ್ಲಿ ನಿಂತು ಕೇಳಿ, ಕುಂಕುಮದ ಭರಣಿ ತರಲು ಒಳಗೆ ಹೋದಳು.